ಲೀಡ್ಸ್ ಪಾಲ್ಸ್‌ನ ಜೋಗೇಂದ್ರನಾಥ ಸೇನ್ ಸಮಾಧಿ: ಹುಡುಕುವುದು ಹೇಗೆ, ಅಲ್ಲಿ ಏನು ಇಡಬಹುದು?

ಯಾರ್ಕ್‌ಶೈರ್_ಜಗುಲಿ

ಮೇ 22ಕ್ಕೆ ಲೀಡ್ಸ್ ಸುತ್ತಮುತ್ತಲಿನ ಒಂಬತ್ತು ಜನ ಕನ್ನಡಿಗರು ಫ್ರಾನ್ಸ್‌ಗೆ ಹೊರಟಿದ್ದೇವೆ. ಮೊದಲ ಮಹಾಯುದ್ಧದಲ್ಲಿ ಸತ್ತ ಜೋಗೇಂದ್ರನಾಥ ಸೇನ್ ಅವರ ಸಮಾಧಿ ನೋಡುವುದಕ್ಕೆ. ಗೊತ್ತಿಲ್ಲದವರಿಗೆ ಎರಡೇ ಮಾತು: ಬಂಗಾಳದ ಚಂದನನಗರದವರು, 1910ರಲ್ಲಿ ಲೀಡ್ಸ್‌ಗೆ ಓದಲು ಬಂದರು, 1913ರಲ್ಲಿ ಎಂಜಿನಿಯರಿಂಗ್ ಪದವಿ ಪಡೆದರು, ಲೀಡ್ಸ್ ಕಾರ್ಪೊರೇಷನ್ನಿನ ವಿದ್ಯುತ್ ಕೇಂದ್ರದಲ್ಲಿ ಸಹಾಯಕ ಎಂಜಿನಿಯರ್ ಆದರು. 1914ರ ಸೆಪ್ಟೆಂಬರಿನಲ್ಲಿ ಲೀಡ್ಸ್ ಪಾಲ್ಸ್ ಸೇರಿದರು, ಅಂದರೆ ಆ ಊರಿನವರೇ ಒಟ್ಟಾಗಿ ಸೇರಿ ಕಟ್ಟಿದ ಬೆಟಾಲಿಯನ್. 1916ರ ಮೇ 22ರಂದು ಸತ್ತಾಗ 28 ವರ್ಷ.

ಕೇಳಬೇಕಾದ್ದು ಇಷ್ಟು. ಯುದ್ಧ ಸಮಾಧಿ ಆಯೋಗದ (ಸಿಡಬ್ಲ್ಯೂಜಿಸಿ) ಜಾಲತಾಣದಲ್ಲಿ ಭಾರತೀಯ ಸೇನೆ ಎಂದು ಆರಿಸಿ ಹುಡುಕಿದರೆ ಇವರು ಸಿಗುತ್ತಲೇ ಇಲ್ಲ, ಯಾಕೆ? ನಮ್ಮ ಜೊತೆ ಇಬ್ಬರು ಹಿರಿಯರು ಬರುತ್ತಾರೆ, ಅವರಿಗೆ ಕಲ್ಲಿಗೆ ಅರಿಶಿನ ಕುಂಕುಮ ಇಟ್ಟು ದೀಪ ಹಚ್ಚಬೇಕೆಂದು ಆಸೆ, ಇದಕ್ಕೆ ಅವಕಾಶ ಇದೆಯೇ? ತ್ರಿವರ್ಣ ಧ್ವಜ ಇಡಬಹುದೇ? ಕನ್ನಡದಲ್ಲಿ ಒಂದು ಕಾರ್ಡ್ ಇಡುವವರಿದ್ದೇವೆ, ಹೆಸರು ಯೋಗೇಂದ್ರ ಎಂದು ಬರೆಯಬೇಕೋ ಜೋಗೇಂದ್ರ ಎಂದೋ?

ದಫ್ತರದ_ಧೂಳು

ಹುಡುಕಾಟ ತಪ್ಪಿದ್ದು ಭಾರತೀಯ ಸೇನೆ ಎಂದು ಆರಿಸಿದ್ದರಿಂದಲೇ. ಆ ಪಟ್ಟಿಯಲ್ಲಿರುವುದು ಸತ್ತವನು ಯಾವ ಸೇನೆಯಲ್ಲಿದ್ದ ಎಂಬುದು, ಎಲ್ಲಿ ಹುಟ್ಟಿದ ಎಂಬುದಲ್ಲ. ಲೀಡ್ಸ್ ಪಾಲ್ಸ್ ಎಂಬುದು ರೂಢಿಯ ಹೆಸರು, ಕಾಗದದ ಮೇಲೆ ಸೇನ್ ಇದ್ದದ್ದು ವೆಸ್ಟ್ ಯಾರ್ಕ್‌ಶೈರ್ ರೆಜಿಮೆಂಟಿನ 15ನೇ ಬೆಟಾಲಿಯನ್ನಿನಲ್ಲಿ, ಅಂದರೆ ಅಪ್ಪಟ ಬ್ರಿಟಿಷ್ ಪಡೆಯಲ್ಲಿ. ಯುನೈಟೆಡ್ ಕಿಂಗ್‌ಡಮ್ ಎಂದು ಆರಿಸಿ. ಕೆನಡಾದ ಪಡೆಯಲ್ಲಿ ಸತ್ತ ಸಿಖ್ಖರಿಗೂ ಇದೇ ಕಥೆ, ಅವರು ಕೆನಡಾದ ಪಟ್ಟಿಯಲ್ಲೇ ಇರುತ್ತಾರೆ.

ಎರಡನೆಯ ತೊಡಕು ಹೆಸರಿನದು. ಜೊತೆಗಾರರು ಇವರನ್ನು ಜಾನ್ ಸೇನ್ ಎಂದೇ ಕರೆಯುತ್ತಿದ್ದರು. ಒಂದೊಂದು ಕಾಗದದಲ್ಲಿ ಒಂದೊಂದು ರೂಪ ಬರುತ್ತದೆ, ಕೆಲವು ಕಡೆ ಇನಿಷಿಯಲ್ ಮಾತ್ರ. ಹಾಗಾಗಿ ಮೊದಲ ಹೆಸರಿನ ಜಾಗ ಖಾಲಿ ಬಿಡಿ. ಸೇನ್ ಎಂಬ ಮನೆತನದ ಹೆಸರು ಇಂಗ್ಲಿಷಿನಲ್ಲಿ ಮೂರೇ ಅಕ್ಷರ (Sen) ಇರುವುದರಿಂದ ‘ಇದೇ ಪದ’ ಎಂಬ ಆಯ್ಕೆ ಹಾಕಲೇಬೇಕು, ಇಲ್ಲದಿದ್ದರೆ ಸೀನಿಯರ್, ಸೆನೆಟ್ ಮಾದರಿಯ ಹೆಸರುಗಳೆಲ್ಲ ಬಂದು ರಾಶಿ ಬೀಳುತ್ತವೆ. ಆಮೇಲೆ ರೆಜಿಮೆಂಟ್ ಮತ್ತು 1916 ಕೊಟ್ಟರೆ ಸಾಕು.

ಸಿಕ್ಕ ಪುಟದಲ್ಲಿ ಸಮಾಧಿಯ ಸಂಖ್ಯೆ ಇರುತ್ತದೆ. ರೋಮನ್ ಅಂಕಿ ಭಾಗ, ಇಂಗ್ಲಿಷ್ ಅಕ್ಷರ ಸಾಲು, ಕೊನೆಯ ಅಂಕಿ ಆ ಸಾಲಿನಲ್ಲಿ ಎಷ್ಟನೆಯ ಕಲ್ಲು ಎಂಬುದು. ಇದನ್ನೂ ಸ್ಮಶಾನದ ನಕ್ಷೆಯನ್ನೂ ಊರು ಬಿಡುವ ಮೊದಲೇ ಫೋನಿಗೆ ಇಳಿಸಿಕೊಳ್ಳಿ, ಹೊಲದ ನಡುವೆ ನೆಟ್‌ವರ್ಕ್ ನಂಬಬೇಡಿ. ಬಾಗಿಲ ಬಳಿ ಗೋಡೆಯಲ್ಲಿ ಪುಟ್ಟ ಲೋಹದ ಪೆಟ್ಟಿಗೆ ಇರುತ್ತದೆ, ಅದರಲ್ಲಿ ಸಮಾಧಿಗಳ ರಿಜಿಸ್ಟರ್, ಸಂದರ್ಶಕರ ಪುಸ್ತಕ. ಪೆಟ್ಟಿಗೆ ಖಾಲಿ ಇರುವುದೂ ಉಂಟು. ಪುಸ್ತಕ ಇದ್ದರೆ ಸೇನ್ ಹೆಸರು ಬರೆದು ಕೆಳಗೆ ಕನ್ನಡದಲ್ಲೇ ಸಹಿ ಮಾಡಿ ಬನ್ನಿ.

ಕಲ್ಲುಚಪ್ಪಡಿ

ಅರಿಶಿನ, ಕುಂಕುಮ, ಎಣ್ಣೆ, ಮೂರೂ ಬೇಡ. ದಯವಿಟ್ಟು ಹಿರಿಯರಿಗೆ ಮೊದಲೇ ಹೇಳಿಡಿ, ಅಲ್ಲಿ ಹೋಗಿ ಕೈ ಹಿಡಿಯುವುದು ಚೆನ್ನಾಗಿರುವುದಿಲ್ಲ.

ಕಾರಣ ಶಾಸ್ತ್ರದ್ದಲ್ಲ, ಕಲ್ಲಿನದು. ನಮ್ಮೂರಿನ ವೀರಗಲ್ಲು ಸಾಮಾನ್ಯವಾಗಿ ಗಟ್ಟಿ ಕಲ್ಲು, ನೂರು ವರ್ಷ ಎಣ್ಣೆ ಕುಂಕುಮ ಕುಡಿದರೂ ತಡೆಯುತ್ತದೆ. ಆಯೋಗ ಹೆಚ್ಚಾಗಿ ಬಳಸಿರುವುದು ಪೋರ್ಟ್‌ಲ್ಯಾಂಡ್ ಕಲ್ಲು, ಅದು ಸುಣ್ಣಕಲ್ಲು, ಬೆಳ್ಳಗೆ, ಸಣ್ಣ ರಂಧ್ರಗಳಿರುವಂಥದು. ಅರಿಶಿನದ ಬಣ್ಣ ಒಳಕ್ಕೆ ಇಳಿದರೆ ತೊಳೆದು ತೆಗೆಯುವುದು ಕಷ್ಟ. ಎಣ್ಣೆ ಬಿದ್ದ ಜಾಗ ಕಪ್ಪಾಗುತ್ತದೆ, ಅದಕ್ಕೆ ಧೂಳು ಹಿಡಿಯುತ್ತದೆ, ಪಾಚಿ ಕೂರುತ್ತದೆ. ಕಲೆ ಆಯಿತೆಂದು ಯಾರೋ ನಿಂಬೆಹಣ್ಣು ಅಥವಾ ವಿನೆಗರ್ ಹಾಕಿ ಉಜ್ಜಿದರೆ ಮುಗಿಯಿತು, ಹುಳಿ ತಾಗಿದರೆ ಸುಣ್ಣಕಲ್ಲು ಕರಗುತ್ತದೆ, ಅಕ್ಷರದ ಅಂಚೇ ಹೋಗುತ್ತದೆ. ಕಲ್ಲಿನ ಅಳತೆ 2 ಅಡಿ 8 ಅಂಗುಲ ಎತ್ತರ, 1 ಅಡಿ 3 ಅಂಗುಲ ಅಗಲ, 3 ಅಂಗುಲ ದಪ್ಪ. ಅಧಿಕಾರಿಗೂ ಸಾಮಾನ್ಯ ಸೈನಿಕನಿಗೂ ಒಂದೇ ಅಳತೆ. ಇಷ್ಟು ತೆಳು ಕಲ್ಲಿನಲ್ಲಿ ಅಕ್ಷರದ ಆಳ ಎಷ್ಟಿರುತ್ತದೆ ಎಂದು ನೀವೇ ಊಹಿಸಿ.

ದೀಪ ಬೇಕೇ ಬೇಕು ಎಂದರೆ ಗಾಜಿನ ಲೋಟದೊಳಗಿನ ಮೇಣದ ದೀಪ, ಕಲ್ಲಿನಿಂದ ದೂರ, ದಾರಿಯ ಮೇಲೆ. ಹೊರಡುವಾಗ ಆರಿಸಿ ತೆಗೆದುಕೊಂಡು ಬರಬೇಕು. ಊದುಬತ್ತಿಯನ್ನು ಮಣ್ಣಿಗೆ ಚುಚ್ಚಬೇಡಿ, ಒಂದು ಡಬ್ಬಿಯಲ್ಲಿ ಮರಳು ಹಾಕಿ ಕೈಯಲ್ಲೇ ಹಿಡಿದುಕೊಳ್ಳಿ, ಬೂದಿ ಡಬ್ಬಿಯೊಳಗೇ ಬೀಳಲಿ.

ಹೂವಿಗೆ ಅಭ್ಯಂತರ ಇಲ್ಲ. ಪ್ಲಾಸ್ಟಿಕ್ ಹಾಳೆ, ರಬ್ಬರ್ ಬ್ಯಾಂಡ್ ಬಿಚ್ಚಿ ಇಡಿ. ಕಲ್ಲಿನ ಬುಡದಲ್ಲಿ ಗಿಡ ನೆಟ್ಟಿರುತ್ತಾರೆ, ಗಿಡದ ಮೇಲೆ ಹೇರಬೇಡಿ. ಹೂವು ಬಾಡಿದ ಮೇಲೆ ತೋಟಗಾರರೇ ತೆಗೆಯುತ್ತಾರೆ, ಅದು ಅವಮಾನ ಅಲ್ಲ. ಬ್ರಿಟಿಷ್ ಲೀಜನ್ ಎಂಬ ಮಾಜಿ ಸೈನಿಕರ ಸಂಘದವರು ಪುಟ್ಟ ಮರದ ಶಿಲುಬೆಯ ಜೊತೆಗೆ ಬೇರೆ ಧರ್ಮದವರಿಗೂ, ಧರ್ಮ ಬೇಡ ಎನ್ನುವವರಿಗೂ ಬೇರೆ ಬೇರೆ ಸ್ಮರಣಕಡ್ಡಿ ಮಾರುತ್ತಾರೆ. ಪ್ರವಾಸದ ಗುಂಪುಗಳು ಸಾಮಾನ್ಯವಾಗಿ ಕಟ್ಟುಗಟ್ಟಲೆ ಶಿಲುಬೆಯನ್ನೇ ತಂದು ಎಲ್ಲ ಕಲ್ಲಿಗೂ ಒಂದೊಂದು ಚುಚ್ಚಿ ಹೋಗುತ್ತವೆ. ನೀವು ಆರಿಸಿ ತನ್ನಿ.

ಧ್ವಜ: ನನ್ನ ಅಭಿಪ್ರಾಯದಲ್ಲಿ ಇಡುವುದು ಬೇಡ. ಭಾವನೆ ಒಂದು ಕಡೆ ಇರಲಿ, ನಮ್ಮ ಧ್ವಜಸಂಹಿತೆಯ ಪ್ರಕಾರವೇ ಧ್ವಜ ನೆಲಕ್ಕೆ ತಾಗಬಾರದು, ಕಾಗದದ ಧ್ವಜವನ್ನೂ ನೆಲದ ಮೇಲೆ ಬಿಟ್ಟು ಬರಬಾರದು. ಮಣ್ಣಿಗೆ ಚುಚ್ಚಿದ ಕಾಗದದ ಧ್ವಜ ಎರಡನೆಯ ಮಳೆಗೆ ಏನಾಗುತ್ತದೆ? ಕೈಯಲ್ಲಿ ಹಿಡಿದು ನಿಂತು ಫೋಟೋ ತೆಗೆಸಿಕೊಂಡು ವಾಪಸು ತನ್ನಿ, ಅಷ್ಟಕ್ಕೆ ಯಾರೂ ಏನೂ ಅನ್ನುವುದಿಲ್ಲ.

ಸೊಮ್_ಸೈಕಲ್

ದಾರಿಯ ಬಗ್ಗೆ ಯಾರೂ ಹೇಳಿಲ್ಲ. ಸ್ಮಶಾನದ ಹೆಸರು ಸುಕ್ರೆರಿ ಮಿಲಿಟರಿ ಸೆಮೆಟರಿ, ಊರು ಕೋಲಿನ್‌ಕಾಂ. ಸುಕ್ರೆರಿ ಎಂದರೆ ಸಕ್ಕರೆ ಕಾರ್ಖಾನೆ, ಗೆಣಸಿನಂಥ ಬೀಟ್ ಗಡ್ಡೆಯಿಂದ ಸಕ್ಕರೆ ತೆಗೆಯುವಂಥದು. 1915ರಲ್ಲಿ ಫ್ರೆಂಚರು ಶುರು ಮಾಡಿದ ಸ್ಮಶಾನವನ್ನು ಬ್ರಿಟಿಷರು ಪಶ್ಚಿಮಕ್ಕೆ ಬೆಳೆಸಿದರು. ಈಗ 1,100ಕ್ಕೂ ಹೆಚ್ಚು ಸಮಾಧಿಗಳಿವೆ, ಅದರಲ್ಲಿ ಇನ್ನೂರಕ್ಕೂ ಹೆಚ್ಚು ಜನ ಯಾರೆಂದೇ ತಿಳಿದಿಲ್ಲ.

ರೈಲಾದರೆ ಆಮ್ಯಾಂವರೆಗೆ, ಅಲ್ಲಿಂದ ಆಲ್ಬೇರ್‌ಗೆ ಸ್ಥಳೀಯ ರೈಲು, ಆಲ್ಬೇರ್‌ನಿಂದ ಉತ್ತರಕ್ಕೆ ಸುಮಾರು 15 ಕಿಲೋಮೀಟರ್. ಬಸ್ಸು ನೆಚ್ಚಿಕೊಂಡು ಹೋಗಬೇಡಿ. ಒಂಬತ್ತು ಜನ ಎಂದರೆ ಒಂದು ವ್ಯಾನ್ ಸರಿಹೋಗುತ್ತದೆ. ಮೈಲಿ-ಮೈಯೆ ಊರಿನಿಂದ ಸೇರ್ ಕಡೆಗೆ ಹೋಗುವ ರಸ್ತೆ ಹಿಡಿದು, ಹಸಿರು ಫಲಕ ಕಂಡಲ್ಲಿ ಹೊಲದ ದಾರಿಗೆ ತಿರುಗಬೇಕು. ಹಿಂದಿನ ರಾತ್ರಿ ಮಳೆ ಬಿದ್ದಿದ್ದರೆ ವ್ಯಾನನ್ನು ಟಾರು ರಸ್ತೆಯ ಪಕ್ಕ, ಟ್ರ್ಯಾಕ್ಟರಿಗೆ ಅಡ್ಡ ಆಗದ ಹಾಗೆ ನಿಲ್ಲಿಸಿ ನಡೆದುಕೊಂಡು ಹೋಗಿ. ಆ ಮಣ್ಣು ಸುಣ್ಣಮಿಶ್ರಿತ ಜೇಡಿ, ಚಪ್ಪಲಿಗೆ ಹತ್ತಿದರೆ ಒಂದೊಂದು ಕಾಲೂ ಎರಡು ಕೆಜಿ.

ಹೊಲದ ಅಂಚಿನಲ್ಲಿ, ಕರೆಂಟ್ ಕಂಬದ ಬುಡದಲ್ಲಿ ತುಕ್ಕು ಹಿಡಿದ ಕೊಳವೆಯಾಕಾರದ ಕಬ್ಬಿಣ ಕಂಡರೆ ಮುಟ್ಟಬೇಡಿ. ಉಳುವಾಗ ಎದ್ದು ಬಂದ ಶೆಲ್ಲುಗಳನ್ನು ರೈತರು ಹಾಗೆ ಎತ್ತಿಟ್ಟಿರುತ್ತಾರೆ, ಸರ್ಕಾರದವರು ಬಂದು ಒಯ್ಯುವವರೆಗೆ. ನೂರು ವರ್ಷ ಆದರೂ ಕೆಲವು ಜೀವಂತ. ಮಕ್ಕಳಿದ್ದರೆ ಇದನ್ನು ಎರಡು ಸಲ ಹೇಳಿ.

ಬ್ರಿಟನ್ನಿನಿಂದ ಯುರೋಪಿಗೆ ಹಾಲಿನ ಪದಾರ್ಥ ಒಯ್ಯುವಂತಿಲ್ಲ, ಅಂದರೆ ಪೇಡೆ, ತುಪ್ಪದ ಮೈಸೂರುಪಾಕ್ ಗಡಿಯಲ್ಲೇ ಕಸದ ಬುಟ್ಟಿಗೆ ಹೋಗಬಹುದು. ಹಸಿ ಹೂವು, ಗಿಡಕ್ಕೆ ಪ್ರಮಾಣಪತ್ರ ಕೇಳುತ್ತಾರೆ, ಹೂವನ್ನು ಆಲ್ಬೇರ್‌ನಲ್ಲೇ ಕೊಳ್ಳಿ, ಮಧ್ಯಾಹ್ನ 12ರಿಂದ 2ರವರೆಗೆ ಅಂಗಡಿ ಮುಚ್ಚಿರುತ್ತದೆ ಎಂದುಕೊಂಡೇ ಸಮಯ ಹಾಕಿಕೊಳ್ಳಿ. ತಮಾಷೆ ಎಂದರೆ ತೆಂಗಿನಕಾಯಿಗೆ ತಡೆ ಇಲ್ಲ, ಪ್ರಮಾಣಪತ್ರ ಬೇಡದ ಐದು ಹಣ್ಣುಗಳ ಪಟ್ಟಿಯಲ್ಲಿ ಅದೂ ಇದೆ. ಒಡೆಯಲು ಮಾತ್ರ ಅಲ್ಲಿ ಜಾಗ ಇಲ್ಲ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ ಬೇಕು. ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಮೇ ತಿಂಗಳಿನ ಅಪಾಯಿಂಟ್‌ಮೆಂಟ್ ಮಾರ್ಚಿನಲ್ಲಿ ಹುಡುಕಿದರೆ ಸಿಗುವುದು ಕಷ್ಟ.

ಯಾರ್ಕ್‌ಶೈರ್_ಜಗುಲಿ

ಕಲ್ಲಿನ ವಿಷಯ ಹಿರಿಯರಿಗೆ ಓದಿ ಹೇಳಿದೆ. “ಕಲ್ಲಿಗೆ ನೋವಾಗೋದಾದ್ರೆ ಬೇಡಪ್ಪ” ಅಂದರು. ಸಮಸ್ಯೆ ಮುಗೀತು.

ಇನ್ನೊಂದು. ಎರಡು ಪುಟದ ಕರಪತ್ರ ಮಾಡುತ್ತಿದ್ದೇವೆ. ಸೇನ್ ಅವರ ಸೇವಾ ಕಡತ ಸಿಗುತ್ತಿಲ್ಲ. ಬೇರೆ ಯಾವ ಕಾಗದದಿಂದ ಏನು ತಿಳಿಯಬಹುದು? ಪದವೀಧರ ಎಂಜಿನಿಯರ್ ಕೊನೆಯವರೆಗೂ ಪ್ರೈವೇಟ್ (ಸೇನೆಯ ಕಟ್ಟಕಡೆಯ ದರ್ಜೆ) ಆಗಿಯೇ ಉಳಿದದ್ದು ಏಕೆ?

ದಫ್ತರದ_ಧೂಳು

ಆ ಕಾಲದ ಸಾಮಾನ್ಯ ಸೈನಿಕರ ಕಡತಗಳಲ್ಲಿ ಸುಮಾರು ಶೇ 60 ಭಾಗ 1940ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಆರ್ನ್‌ಸೈಡ್ ಬೀದಿಯ ಗೋದಾಮಿಗೆ ಜರ್ಮನ್ ಬಾಂಬ್ ಬಿದ್ದು ಸುಟ್ಟುಹೋದವು. ಉಳಿದವು ಬ್ರಿಟನ್ನಿನ ರಾಷ್ಟ್ರೀಯ ದಫ್ತರಖಾನೆಯ ಡಬ್ಲ್ಯೂಓ 363 ಎಂಬ ಸರಣಿಯಲ್ಲಿವೆ, ‘ಸುಟ್ಟ ಕಡತ’ ಎಂದೇ ಅದಕ್ಕೆ ಅಡ್ಡಹೆಸರು. ಅಲ್ಲಿ ಇಲ್ಲದಿದ್ದರೆ ಅತ್ತು ಪ್ರಯೋಜನವಿಲ್ಲ, ಸುತ್ತು ದಾರಿ ಹಿಡಿಯಬೇಕು.

ಮೊದಲು ಸೈನಿಕನ ಸಂಖ್ಯೆ. 15/ ಎಂದು ಶುರುವಾದರೆ 15ನೇ ಬೆಟಾಲಿಯನ್ನಿಗೇ ನೇರ ಸೇರಿದವರು, ಅಂದರೆ ಮೂಲ ಪಾಲ್ಸ್. ಮುಂದೆ ಬೇರೆ ಕಡೆಯಿಂದ ಬಂದು ತುಂಬಿಕೊಂಡವರಿಗೆ ಈ ಗುರುತು ಇರುವುದಿಲ್ಲ.

ಆಮೇಲೆ ಪದಕದ ಕಾರ್ಡು. ಲೀಡ್ಸ್ ಪಾಲ್ಸ್ 1915ರ ಡಿಸೆಂಬರ್ 7ರಂದು ಲಿವರ್‌ಪೂಲಿನಿಂದ ಹಡಗು ಹತ್ತಿ ಈಜಿಪ್ಟ್‌ಗೆ ಹೋದರು, ಸೂಯೆಜ್ ಕಾಲುವೆ ಕಾಯಲು. ಫ್ರಾನ್ಸ್‌ಗೆ ಬಂದದ್ದು 1916ರ ಮಾರ್ಚಿನಲ್ಲಿ. 1915 ಮುಗಿಯುವ ಮೊದಲೇ ಯುದ್ಧಭೂಮಿಗೆ ಕಾಲಿಟ್ಟಿದ್ದರಿಂದ ಆ ಗುಂಪಿನವರಿಗೆ 1914-15 ಸ್ಟಾರ್ ಸೇರಿ ಮೂರು ಪದಕ. ಜನವರಿಯಲ್ಲಿ ಕಾಲಿಟ್ಟಿದ್ದರೆ ಎರಡೇ. ಕಾರ್ಡಿನಲ್ಲಿ ಮೊದಲ ಯುದ್ಧಭೂಮಿ ಈಜಿಪ್ಟ್ ಎಂದಿರುವುದನ್ನು ನೋಡಿ ಬೇರೆ ಯಾರದೋ ಕಾರ್ಡು ಎಂದು ಬಿಟ್ಟುಬಿಡಬೇಡಿ.

ಮೂರನೆಯದು ನನಗೆ ಬಹಳ ಇಷ್ಟ: ಸತ್ತವರ ಬಾಕಿ ಹಣದ ರಿಜಿಸ್ಟರ್. ಯಾರಿಗೆ ಎಷ್ಟು ಹಣ ಕೊಟ್ಟರು ಎಂಬ ಲೆಕ್ಕ. ಕೊನೆಯ ಕಲಮಿನಲ್ಲಿ ಯುದ್ಧದ ಇನಾಮು ಇರುತ್ತದೆ. ಹೊರದೇಶದಲ್ಲಿ ಸೇವೆ ಮಾಡಿದ ಪ್ರೈವೇಟ್‌ಗೆ ಮೊದಲ 12 ತಿಂಗಳಿಗೆ 5 ಪೌಂಡ್, ಆಮೇಲೆ ತಿಂಗಳಿಗೆ 10 ಶಿಲಿಂಗ್. 1914ರ ಸೆಪ್ಟೆಂಬರಿನಲ್ಲಿ ಸೇರಿ 1916ರ ಮೇನಲ್ಲಿ ಸತ್ತರೆ 21 ತಿಂಗಳು, ಅಂದರೆ 5 ಪೌಂಡ್ ಜೊತೆಗೆ 9 ತಿಂಗಳಿನ 90 ಶಿಲಿಂಗ್, ಒಟ್ಟು 9 ಪೌಂಡ್ 10 ಶಿಲಿಂಗ್ ಬರಬೇಕು. ಲೆಕ್ಕವನ್ನು ತಿರುಗಿಸಿದರೆ ಕಡತ ಸುಟ್ಟವರದ್ದೂ ಸೇರಿದ ತಿಂಗಳು ಸಿಗುತ್ತದೆ. ಸಾಲಿನಲ್ಲಿರುವ ವಾರಸುದಾರರ ಹೆಸರು ಕುಟುಂಬದ ಸುಳಿವು.

ಬೆಟಾಲಿಯನ್ನಿನ ದಿನಚರಿ ಅದೇ ದಫ್ತರಖಾನೆಯ ಡಬ್ಲ್ಯೂಓ 95ರಲ್ಲಿದೆ, 31ನೇ ಡಿವಿಷನ್, 93ನೇ ಬ್ರಿಗೇಡ್ ಅಡಿಯಲ್ಲಿ ಹುಡುಕಿ. ಸೇನ್ ಹೆಸರು ಅಲ್ಲಿ ಸಿಗುತ್ತದೆಂದು ಆಸೆ ಇಟ್ಟುಕೊಳ್ಳಬೇಡಿ. ಅಧಿಕಾರಿ ಸತ್ತರೆ ಹೆಸರು, ಉಳಿದವರು ಸತ್ತರೆ ಬರೀ ಅಂಕಿ, ಅದು ಆ ದಿನಚರಿಗಳ ವಾಡಿಕೆ. ಆದರೆ ಯಾವ ಕಂದಕದಲ್ಲಿದ್ದರು, ಆ ರಾತ್ರಿ ಶೆಲ್ ದಾಳಿ ಎಷ್ಟಿತ್ತು ಎಂಬುದು ತಿಳಿಯುತ್ತದೆ. ಸೇನ್ ರಾತ್ರಿ ಮುಳ್ಳುತಂತಿ ಬೇಲಿ ಹಾಕುವ ತಂಡದಲ್ಲಿದ್ದಾಗ ಶೆಲ್ಲಿನ ಚೂರು ತಾಗಿ ಸತ್ತವರು. ಆ ಕೆಲಸ ಮಾಡುತ್ತಿದ್ದದ್ದು ಕಂದಕದಿಂದ ಹೊರಗೆ, ಕತ್ತಲಲ್ಲಿ, ಎರಡೂ ಕೈಯಲ್ಲಿ ತಂತಿ ಗೂಟ ಇಟ್ಟುಕೊಂಡು. ಕರಪತ್ರದಲ್ಲಿ ‘ಶತ್ರುವಿನೊಡನೆ ಹೋರಾಡುತ್ತ’ ಎಂದು ಬರೆಯಬೇಡಿ. ನಡೆದದ್ದು ಹಾಗಲ್ಲ.

ದಿನಚರಿಯಲ್ಲಿ ಜಾಗ ಕೆ.29.ಬಿ.5.5 ಎಂಬಂತೆ ಇದ್ದರೆ ಗಾಬರಿ ಬೇಡ, ಅದು ಆಗಿನ ಸೇನಾ ನಕ್ಷೆಯ ಚೌಕಗಳ ಗುರುತು. ದೊಡ್ಡ ಅಕ್ಷರ 6,000 ಗಜದ ಚೌಕ, ಅಂಕಿ ಅದರೊಳಗಿನ 1,000 ಗಜದ ಚೌಕ, ಸಣ್ಣ ಅಕ್ಷರ ಅದನ್ನು ನಾಲ್ಕು ಮಾಡಿದ 500 ಗಜದ ತುಂಡು. ಕೊನೆಯ ಎರಡು ಅಂಕಿ ಆ ತುಂಡಿನ ಕೆಳಗಿನ ಎಡ ಮೂಲೆಯಿಂದ ಮೊದಲು ಪೂರ್ವಕ್ಕೆ, ಆಮೇಲೆ ಉತ್ತರಕ್ಕೆ, ಹತ್ತರಲ್ಲಿ ಎಷ್ಟು ಭಾಗ ಎಂದು. ಈ ಪ್ರದೇಶದ ನಕ್ಷೆಯ ಹಾಳೆ 57ಡಿ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ತಾಣದಲ್ಲಿ ಆ ಕಾಲದ ಕಂದಕ ನಕ್ಷೆಗಳನ್ನು ಈಗಿನ ನಕ್ಷೆಯ ಮೇಲೆ ಹೊದಿಸಿ ನೋಡಬಹುದು, ದುಡ್ಡಿಲ್ಲ.

ಪ್ರೈವೇಟ್ ಪ್ರಶ್ನೆಗೆ: ಅಧಿಕಾರಿ ಹುದ್ದೆಯ ನಿಯಮದಲ್ಲಿ ‘ಶುದ್ಧ ಯುರೋಪಿಯನ್ ವಂಶ’ ಎಂಬ ಮಾತು ಬರೆದೇ ಇತ್ತು. ಅಷ್ಟೇ ಅಲ್ಲ, ಇವರ ಜೊತೆಗೆ ಒಂದೇ ಗುಡಿಸಲಿನಲ್ಲಿದ್ದವರೊಬ್ಬರು ಮುದಿ ವಯಸ್ಸಿನಲ್ಲಿ ಹೇಳಿದ ಧ್ವನಿಮುದ್ರಿತ ಸಾಕ್ಷ್ಯ ಲೀಡ್ಸ್‌ನಲ್ಲಿದೆ. ಬೆಟಾಲಿಯನ್ನಿನಲ್ಲೇ ಹೆಚ್ಚು ಓದಿದವನು, ಏಳು ಭಾಷೆ ಬಲ್ಲವನು, ಆದರೂ ಬಿಳಿಯರ ಮೇಲೆ ಕಪ್ಪು ಬಣ್ಣದವನನ್ನು ಕೂರಿಸುವುದಿಲ್ಲವೆಂದು ಪ್ರೈವೇಟ್‌ಗಿಂತ ಒಂದೇ ಮೆಟ್ಟಿಲು ಮೇಲಿನ ಲ್ಯಾನ್ಸ್ ಕಾರ್ಪೊರಲ್ ಕೂಡ ಮಾಡಲಿಲ್ಲ, ಎಂಬುದು ಅದರ ಸಾರ. ನಿಯಮ ತಡೆದದ್ದು ಅಧಿಕಾರಿ ಹುದ್ದೆಯನ್ನು, ತೋಳಿನ ಮೇಲೆ ಲ್ಯಾನ್ಸ್ ಕಾರ್ಪೊರಲ್‌ನ ಒಂದು ಪಟ್ಟಿಯನ್ನೂ ತಡೆದದ್ದು ಜನ. ಎರಡನ್ನೂ ಬೇರೆ ಬೇರೆಯಾಗಿ ಬರೆಯಿರಿ.

ಚೌಕಿಮನೆ

ಕರಪತ್ರಕ್ಕೆ ಎರಡು ಎಚ್ಚರಿಕೆ ಸೇರಿಸ್ತೀನಿ.

ಬೆಂಗಳೂರಿನ ಜೆ.ಸಿ. ನಗರದ ಮೈಸೂರು ಲ್ಯಾನ್ಸರ್ಸ್ ಸ್ಮಾರಕಕ್ಕೂ ಇದಕ್ಕೂ ತಳಕು ಹಾಕಬೇಡಿ. ಅವರು 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಹೋರಾಡಿದ ಸಂಸ್ಥಾನದ ಕುದುರೆ ಪಡೆ, ಮಹಾರಾಜರು ಕಳಿಸಿದವರು. ಸೇನ್ ತಾವಾಗಿಯೇ ವಲಸೆ ಹೋಗಿ, ಅಲ್ಲಿನ ನಗರಸಭೆ ನೌಕರನಾಗಿ, ಅಕ್ಕಪಕ್ಕದವರ ಜೊತೆ ಸಾಲಿನಲ್ಲಿ ನಿಂತು ಸೇರಿದವರು. ಹಾಗೆಯೇ ನವ್ ಶಾಪೆಲ್‌ನ ಭಾರತೀಯ ಸ್ಮಾರಕದಲ್ಲೂ ಹುಡುಕಬೇಡಿ. ಅದು ಭಾರತೀಯ ಸೇನೆಯಲ್ಲಿದ್ದು ಸಮಾಧಿಯೇ ಗೊತ್ತಿಲ್ಲದವರಿಗೆ. ಇವರಿಗೆ ಸಮಾಧಿ ಇದೆ.

ಇನ್ನೊಂದು, ಚಂದನನಗರ ಆಗ ಫ್ರೆಂಚರ ಕೈಯಲ್ಲಿತ್ತು, ಭಾರತದ ಕೈಗೆ ಬಂದದ್ದು 1950ರಲ್ಲಿ. ಬ್ರಿಟಿಷ್ ಇಂಡಿಯಾದವರು ಅಂತ ಬರೆದರೆ ಬಂಗಾಳಿಗಳೇ ತಿದ್ದುತ್ತಾರೆ. ಅಲ್ಲಿನ ಡ್ಯೂಪ್ಲೆ ಭವನದ ಮ್ಯೂಸಿಯಮ್ಮಿನ ಗಾಜಿನ ಕಪಾಟಿನಲ್ಲಿ ಸೇನ್ ಅವರ ಒಡೆದ ಕನ್ನಡಕ ಇದೆ, ಸೇನೆ ಮನೆಗೆ ಕಳಿಸಿದ ಸಾಮಾನಿನ ಜೊತೆ ಬಂದದ್ದು. ಗಾಜಿನ ಮೇಲೆ ರಕ್ತದ ಕಲೆ. ಕರಪತ್ರದಲ್ಲಿ ಒಂದೇ ಚಿತ್ರ ಹಾಕುವ ಜಾಗ ಇದ್ದರೆ ಕಲ್ಲಿನದಲ್ಲ, ಕನ್ನಡಕದ್ದು ಹಾಕಿ, ಮ್ಯೂಸಿಯಂ ಒಪ್ಪಿಗೆ ತಗೊಂಡು.

ಫ್ರಾನ್ಸ್‌ಗೆ ಬರಲಾಗದವರಿಗೆ ಯಾರ್ಕ್‌ಶೈರಿನಲ್ಲೇ ಎರಡು ಜಾಗ: ಲೀಡ್ಸ್ ವಿಶ್ವವಿದ್ಯಾಲಯದ ಯುದ್ಧ ಸ್ಮಾರಕದಲ್ಲಿ ಹೆಸರಿದೆ. ಮ್ಯಾಶಮ್ ಹತ್ತಿರದ ಕೋಲ್ಸ್ಟರ್‌ಡೇಲ್‌ನಲ್ಲಿ ಪಾಲ್ಸ್ ತರಬೇತಿ ಪಡೆದ ಜಾಗದಲ್ಲಿ 1935ರ ಕಲ್ಲುಗುಡ್ಡೆ ಇದೆ, ಅದು ಇಡೀ ಬೆಟಾಲಿಯನ್ನಿಗೆ.

ಬರಹಗೇಡಿ

ಹೆಸರು: ಜೋಗೇಂದ್ರ ಎಂದೇ ಬರೆಯಿರಿ. ಸಂಸ್ಕೃತದ ಯೋಗೇಂದ್ರವೇ ಮೂಲ, ಆದರೆ ಬಂಗಾಳಿಗಳ ಬಾಯಲ್ಲಿ ಪದದ ಮೊದಲ ಯಕಾರ ಜಕಾರ ಆಗುತ್ತದೆ. ಅವರ ಮನೆಯಲ್ಲಿ ಕೂಗುತ್ತಿದ್ದದ್ದು ಹಾಗೆ, ಇಂಗ್ಲಿಷಿನಲ್ಲಿ ಬರೆದದ್ದೂ ಹಾಗೆ. ನಾವು ‘ಸರಿಪಡಿಸಿ’ ಯೋಗೇಂದ್ರ ಮಾಡಿದರೆ ಜಾನ್ ಮಾಡಿದವರ ಸಾಲಿಗೇ ಸೇರುತ್ತೇವೆ. ಸೇನ್‌ಗೆ ದೀರ್ಘ ಕೊಡಿ, ಕನ್ನಡ ಪತ್ರಿಕೆಗಳಲ್ಲಿ ಅಮರ್ತ್ಯ ಸೇನ್ ಬರೆಯುವ ಹಾಗೆ.

ಕಾರ್ಡಿಗೆ ಲ್ಯಾಮಿನೇಷನ್ ಬೇಡ, ಒಳಗೆ ನೀರು ಸೇರಿ ಬೂಷ್ಟು ಹಿಡಿಯುತ್ತದೆ. 300 ಜಿಎಸ್ಎಂ ಹತ್ತಿ ಕಾಗದ, ಲೇಸರ್ ಮುದ್ರಣ. ಇಂಕ್‌ಜೆಟ್ ಆದರೆ ಒಂದೇ ಮಳೆಗೆ ಒತ್ತಕ್ಷರ ಎಲ್ಲಾ ಕಲಸಿ ಮುದ್ದೆ. ಅಕ್ಷರ 16 ಪಾಯಿಂಟಿಗಿಂತ ಚಿಕ್ಕದು ಬೇಡ.

ಕಲ್ಲುಚಪ್ಪಡಿ

ಫೋಟೋ ಬಗ್ಗೆ ಮರೆತಿದ್ದೆ. ಬಿಸಿಲು ನೇರ ಕಲ್ಲಿನ ಮುಖಕ್ಕೆ ಬಿದ್ದರೆ ಅಕ್ಷರ ಕಾಣುವುದಿಲ್ಲ, ಬೆಳ್ಳಗೆ ಬರುತ್ತದೆ. ಪಕ್ಕದಿಂದ ಓರೆಯಾಗಿ ಬಿದ್ದಾಗ ಅಕ್ಷರದ ಹಳ್ಳದಲ್ಲಿ ನೆರಳು ನಿಂತು ಓದಲು ಬರುತ್ತದೆ. ನೆರಳು ಸಿಗದಿದ್ದರೆ ಒಬ್ಬರು ಮುಖ ನೋಡುವ ಕನ್ನಡಿ ಹಿಡಿದು ಪಕ್ಕದಿಂದ ಬೆಳಕು ಹಾಯಿಸಲಿ. ಸೀಮೆಸುಣ್ಣ, ಮರಳು, ಶೇವಿಂಗ್ ಕ್ರೀಮ್ ಉಜ್ಜಿ ಅಕ್ಷರ ಎದ್ದು ಕಾಣಿಸುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ.

ಗುಂಪಾಗಿ ಕಾರ್ಯಕ್ರಮ ಮಾಡುವುದಾದರೆ ಆಯೋಗಕ್ಕೆ ಮೊದಲೇ ಒಂದು ಇಮೇಲ್ ಹಾಕಿ. ಹುಲ್ಲು ಕತ್ತರಿಸುವ ಯಂತ್ರ ನಿಮ್ಮ ಮೌನದ ಎರಡು ನಿಮಿಷಕ್ಕೇ ಶುರುವಾಗುವುದು ತಪ್ಪುತ್ತದೆ.

ಯಾರ್ಕ್‌ಶೈರ್_ಜಗುಲಿ

ಎಲ್ಲರಿಗೂ ಧನ್ಯವಾದ. ಕಾರ್ಡು ಹೀಗೆ ಮಾಡಿದ್ದೇವೆ, ತಪ್ಪಿದ್ದರೆ ಹೇಳಿ:

“ಸಿಪಾಯಿ ಜೋಗೇಂದ್ರನಾಥ ಸೇನ್. ವಿದ್ಯುತ್ ಎಂಜಿನಿಯರ್, ಲೀಡ್ಸ್ ಕಾರ್ಪೊರೇಷನ್. 15ನೇ ಬೆಟಾಲಿಯನ್, ವೆಸ್ಟ್ ಯಾರ್ಕ್‌ಶೈರ್ ರೆಜಿಮೆಂಟ್. ಚಂದನನಗರದಿಂದ ಬಂದವರು. 22 ಮೇ 1916.”

ದಫ್ತರದ_ಧೂಳು

ಸಿಪಾಯಿ ತೆಗೆಯಿರಿ. ಕನ್ನಡದಲ್ಲಿ ಸಹಜ ಪದವೇ, ಆದರೆ ಆಗಿನ ಕಾಗದಗಳಲ್ಲಿ ಸಿಪಾಯಿ ಎಂಬುದು ಭಾರತೀಯ ಸೇನೆಯ ದರ್ಜೆಯ ಹೆಸರು. ನೂರು ವರ್ಷ ಆದ ಮೇಲೂ ಇವರನ್ನು ಆ ಪಟ್ಟಿಗೇ ತಳ್ಳಿದಂತಾಗುತ್ತದೆ. ಪ್ರೈವೇಟ್ ಎಂದೇ ಹಾಕಿ. ಉಳಿದದ್ದು ಸರಿ.

ಯಾರ್ಕ್‌ಶೈರ್_ಜಗುಲಿ

ತಿದ್ದಿದೆ. ಹನ್ನೆರಡು ಪ್ರತಿ ಆಗಲೇ ಮುದ್ರಿಸಿಬಿಟ್ಟಿದ್ದೆವು, ನಾಳೆ ಮತ್ತೆ ಅಂಗಡಿಗೆ ಹೋಗಬೇಕು.